ಸ್ಟುಟ್‌ಗಾರ್ಟ್‌ನಲ್ಲಿ ಮೊದಲ ಮನೆ: ಊರೊಳಗಿನ ಸಣ್ಣದನ್ನು ಹಿಡಿಯಬೇಕೋ, ದೂರದ ದೊಡ್ಡದನ್ನು ಹಿಡಿಯಬೇಕೋ?

ವಿಜಯಪುರದ ಶಿಕ್ಷಕಿ

ಎಲ್ಲರಿಗೂ ಶರಣು ಶರಣಾರ್ಥಿ. ನಾನು ವಿಜಯಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ನಮ್ಮ ಮನೆಯವರು ಕಳೆದ ದೀಪಾವಳಿಯ ನಂತರ ಬ್ಲೂ ಕಾರ್ಡ್ (ಓದಿದ ಹೊರದೇಶದ ನೌಕರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ಕೆಲಸಕ್ಕೆ ಸೇರಿದ್ದಾರೆ. ಸದ್ಯಕ್ಕೆ ಸಾಮಾನು ಸಮೇತ ತಿಂಗಳ ಲೆಕ್ಕದಲ್ಲಿ ಕೊಡುವ ಒಂದು ಕೋಣೆಯಲ್ಲಿದ್ದಾರೆ. ಏಪ್ರಿಲ್‌ನಲ್ಲಿ ನಮ್ಮ ಶಾಲೆಯ ವರ್ಷ ಮುಗಿದ ಮೇಲೆ, ವೀಸಾ ಕೈಸೇರಿದ ಕೂಡಲೇ ನಾನು ಮತ್ತು ಮಗಳು ಹೊರಡಬೇಕೆಂದಿದ್ದೇವೆ. ಮಗಳಿಗೆ ಈ ಮೇ ತಿಂಗಳಲ್ಲಿ ಆರು ವರ್ಷ ತುಂಬುತ್ತದೆ. ಅತ್ತೆಯವರು ಇಲ್ಲಿಯೇ ಉಳಿಯುತ್ತಾರೆ. ನಾದಿನಿಯ ಮನೆ ಅದೇ ಓಣಿಯಲ್ಲಿರುವುದರಿಂದ ಅವರ ಊಟ, ಔಷಧದ ಚಿಂತೆ ಅಷ್ಟಾಗಿ ಇಲ್ಲ.

ಈಗ ಎರಡು ಮನೆಗಳು ಸಿಗುವ ಹಂತದಲ್ಲಿವೆ. ಒಂದು ಸ್ಟುಟ್‌ಗಾರ್ಟ್ ನಗರದೊಳಗೆ, ನೆಕರ್ ನದಿಯ ಪಕ್ಕದ ಬಾಡ್ ಕಾನ್‌ಷ್ಟಾಟ್ ಎಂಬ ಭಾಗದಲ್ಲಿದೆ. ಎರಡು ಕೋಣೆಯ ಸಣ್ಣ ಮನೆ. ಅಡಿಗೆಮನೆಯಲ್ಲಿ ಒಲೆ, ಸಿಂಕ್, ಕಪಾಟು ಎಲ್ಲವೂ ಇವೆ. ಇನ್ನೊಂದು ಹೆರೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿದೆ. ಮೂರು ಕೋಣೆ, ಬಾಲ್ಕನಿ, ಹತ್ತಿರದಲ್ಲೇ ಕಾಡು. ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಆದರೆ ಮನೆಯವರ ಆಫೀಸು ಸ್ಟುಟ್‌ಗಾರ್ಟ್‌ನದೇ ಇನ್ನೊಂದು ಭಾಗವಾದ ಫೊಯರ್‌ಬಾಖ್‌ನಲ್ಲಿದೆ. ಕಾನ್‌ಷ್ಟಾಟ್‌ನಿಂದ ಅಲ್ಲಿಗೆ ಬೇಗ ತಲುಪಬಹುದು. ಹೆರೆನ್‌ಬರ್ಗ್‌ನಿಂದಾದರೆ ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಒಂದು ತಾಸಾದರೂ ಬೇಕು, ನಡುವೆ ರೈಲು ಬದಲಿಸಬೇಕು. ಅವರಿಗೆ ದೊಡ್ಡ ಮನೆಯ ಮೇಲೆ ಮನಸ್ಸಿದೆ. ವಿಜಯಪುರದಲ್ಲಿ ಅಂಗಳ, ಪಡಸಾಲೆ ಇರುವ ಮನೆಯಲ್ಲಿ ಬೆಳೆದ ಮಗಳು ಎರಡು ಕೋಣೆಯಲ್ಲಿ ಹೇಗೆ ಇದ್ದಾಳು ಎಂಬುದು ಅವರ ಚಿಂತೆ. ನನಗೆ ಯಾವುದನ್ನು ಹೇಳಬೇಕೆಂದು ತಿಳಿಯುತ್ತಿಲ್ಲ. ಅಲ್ಲಿ ಸಂಸಾರ ಹೂಡಿದವರು, ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ಹಿರಿಯರು ದಯಮಾಡಿ ತಿಳಿಸಬೇಕು.

ಟಿಳಕವಾಡಿಯಿಂದ ಮ್ಯೂನಿಕ್‌ಗೆ

ಅಕ್ಕನವರೆ, ನಾನು ಬೆಳಗಾವಿಯವನು, ಕುಟುಂಬದೊಂದಿಗೆ ಮ್ಯೂನಿಕ್‌ನಲ್ಲಿದ್ದೇನೆ. ನನ್ನ ಮತ ಹೆರೆನ್‌ಬರ್ಗ್ ಕಡೆಗಿದೆ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕವನ್ನು ಸರಿಯಾಗಿ ಹಾಕಿಕೊಳ್ಳಿ.

ಅಲ್ಲಿ ಬಾಡಿಗೆ ಎರಡು ರೀತಿ. ಬರೀ ಗೋಡೆಗಳ ಬಾಡಿಗೆಗೆ ‘ಕಾಲ್ಟ್‌ಮೀಟೆ’ ಎನ್ನುತ್ತಾರೆ. ಮನೆ ಬೆಚ್ಚಗಿಡುವ ಖರ್ಚು, ನೀರು, ಕಸ, ಮೆಟ್ಟಿಲ ದೀಪ ಸೇರಿದರೆ ಅದು ‘ವಾರ್ಮ್‌ಮೀಟೆ’. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲನೆಯದು. ಅದರ ಮೇಲೆ ವಿದ್ಯುತ್ತು, ಇಂಟರ್ನೆಟ್ ನಿಮ್ಮ ಹೆಸರಿನಲ್ಲಿಯೇ ಬೇರೆ ಒಪ್ಪಂದ. ಟಿ.ವಿ. ಇರಲಿ ಬಿಡಲಿ, ಪ್ರತಿ ಮನೆಯೂ ಪ್ರಸಾರ ಶುಲ್ಕವೆಂದು ತಿಂಗಳಿಗೆ 18.36 ಯೂರೊ ಕೊಡಬೇಕು. ನೀರು, ಬಿಸಿಗಾಗಿ ತಿಂಗಳು ತಿಂಗಳು ಕೊಟ್ಟದ್ದು ಅಂದಾಜಿನ ಮೊತ್ತ. ವರ್ಷಕ್ಕೊಮ್ಮೆ ಲೆಕ್ಕ ಮುಗಿಸಿದಾಗ ಹೆಚ್ಚು ಬಳಸಿದ್ದರೆ ಮತ್ತೆ ಕೊಡಬೇಕು, ಕಡಿಮೆ ಬಳಸಿದ್ದರೆ ವಾಪಸ್ಸು ಬರುತ್ತದೆ. ಮೊದಲ ಚಳಿಗಾಲದಲ್ಲಿ ನಮ್ಮ ಕಡೆಯವರು ಹೀಟರನ್ನು ಹಗಲು ರಾತ್ರಿ ಪೂರ್ತಿ ತಿರುಗಿಸಿಟ್ಟು, ಮುಂದಿನ ವರ್ಷ ಬಂದ ಬಿಲ್ಲು ಕಂಡು ಕಂಗೆಡುತ್ತಾರೆ. ಆ ಹಣವನ್ನು ಮೊದಲೇ ತೆಗೆದಿಡಿ.

ಡಿಪಾಸಿಟ್ಟು ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಮತ್ತು ಅದನ್ನು ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಒಮ್ಮೆಗೇ ಕೊಡಿ ಎಂದು ಕೇಳಿದರೂ ಈ ಮಾತನ್ನು ವಿನಯದಿಂದ ಹೇಳಬಹುದು. ಬಿಡುವಾಗ ಬಾಡಿಗೆದಾರ ಸಾಮಾನ್ಯವಾಗಿ ಮೂರು ತಿಂಗಳ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು. ಇದನ್ನು ಏಕೆ ಒತ್ತಿ ಹೇಳುತ್ತಿದ್ದೇನೆಂದರೆ, ‘ಸದ್ಯಕ್ಕೆ ಇಲ್ಲಿರೋಣ, ಬೇಸರವಾದರೆ ಬದಲಿಸೋಣ’ ಎಂಬುದು ಅಲ್ಲಿ ಸುಲಭವಲ್ಲ. ಎರಡನೆಯ ಮನೆ ಹುಡುಕಲು ತಿಂಗಳುಗಳೇ ಬೇಕಾಗುತ್ತವೆ.

ಕೋಣೆಗಳ ಎಣಿಕೆಯನ್ನೂ ತಿಳಿದುಕೊಳ್ಳಿ. ಅವರು ಎರಡು ಕೋಣೆ ಎಂದರೆ ಒಂದು ಹಾಲ್, ಒಂದು ಮಲಗುವ ಕೋಣೆ. ಅಡಿಗೆಮನೆ, ಬಚ್ಚಲನ್ನು ಎಣಿಸುವುದಿಲ್ಲ. ಮಗಳು ಬೆಳೆಯುತ್ತಾಳೆ, ನಾಳೆ ಅತ್ತೆಯವರು ಬಂದರೆ ಅವರಿಗೂ ಒಂದು ಮೂಲೆ ಬೇಕು. ಒಂದೇ ಬಾಡಿಗೆಗೆ ಮೂರು ಕೋಣೆ ಸಿಗುತ್ತಿರುವಾಗ ನಾನು ಬಿಡುತ್ತಿರಲಿಲ್ಲ. ರೈಲಿನ ಖರ್ಚೂ ಹೊರೆಯಲ್ಲ: ಇಡೀ ದೇಶದ ಊರ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಿಗೆ ಒಂದೇ ಮಾಸಿಕ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾದದ್ದು 2026ರ ಜನವರಿಯಿಂದ 63 ಯೂರೊ ಆಗಿದೆ. ದೂರ ಹೋದಷ್ಟೂ ಅದರ ಲಾಭ ಹೆಚ್ಚು.

ಒಂದೇ ಎಚ್ಚರಿಕೆ: ಹೆರೆನ್‌ಬರ್ಗ್ ಮನೆಯಲ್ಲಿ ಅಡಿಗೆಮನೆ ಇದೆಯೋ, ಬರೀ ನೀರಿನ ಪೈಪು ಇದೆಯೋ ಕೇಳಿ. ಜರ್ಮನಿಯಲ್ಲಿ ಬಹಳಷ್ಟು ಮನೆಗಳನ್ನು ಒಲೆ, ಸಿಂಕ್ ಕೂಡ ಇಲ್ಲದೆ ಬಾಡಿಗೆಗೆ ಕೊಡುತ್ತಾರೆ. ಹಿಂದಿನವರು ತಮ್ಮದನ್ನು ಬಿಚ್ಚಿಕೊಂಡು ಹೋಗುತ್ತಾರೆ, ಇಲ್ಲವೆ ನಿಮಗೆ ಮಾರುತ್ತಾರೆ.

ಘಟಪ್ರಭೆಯ ಮಗಳು

ಬೆಳಗಾವಿಯ ತಮ್ಮನವರು ಹೇಳಿದ ಲೆಕ್ಕ ಪೂರ್ತಿ ಸರಿ, ತೀರ್ಮಾನ ಮಾತ್ರ ನನಗೆ ಒಪ್ಪಿಗೆಯಿಲ್ಲ. ನಾನು ಬಾಗಲಕೋಟೆಯವಳು, ಫ್ರಾಂಕ್‌ಫರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ ಸಂಸಾರ ಶುರುಮಾಡಿದೆ. ಆಮೇಲೆ ನಗರಕ್ಕೆ ಬಂದೆ.

ಮನೆಯನ್ನು ಆರಿಸುವಾಗ ಎಲ್ಲರೂ ಆಫೀಸಿಗೆ ಹೋಗುವವರ ದಾರಿಯನ್ನು ಅಳೆಯುತ್ತಾರೆ. ಅವರಾದರೋ ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ಬರುತ್ತಾರೆ; ಅವರಿಗೆ ಸಹೋದ್ಯೋಗಿಗಳಿದ್ದಾರೆ, ಕ್ಯಾಂಟೀನಿದೆ, ಇಂಗ್ಲಿಷ್‌ನಲ್ಲಿ ಮಾತನಾಡುವ ಜನರಿದ್ದಾರೆ. ಮನೆಯಲ್ಲಿ ಹಗಲು ಕಳೆಯುವವರು ನೀವು ಮತ್ತು ಮಗು. ಹಾಗಿರುವಾಗ ಅಳೆಯಬೇಕಾದ್ದು ನಿಮ್ಮ ದಾರಿಯನ್ನು: ಮಗಳ ಶಾಲೆಗೆ ಎಷ್ಟು ಹೆಜ್ಜೆ, ನಿಮ್ಮ ಜರ್ಮನ್ ತರಗತಿಗೆ ಎಷ್ಟು ಹೊತ್ತು, ತರಕಾರಿಗೆ ಎಲ್ಲಿ ಹೋಗಬೇಕು, ಮಗುವಿಗೆ ಜ್ವರ ಬಂದರೆ ವೈದ್ಯರ ಬಳಿಗೆ ನಡೆದು ಹೋಗಬಹುದೇ, ಮಳೆ ಬಂದಾಗ ಕೂಡಲು ಗ್ರಂಥಾಲಯವಿದೆಯೇ. ಬಾಲ್ಕನಿ ಎಷ್ಟು ದೊಡ್ಡದಿದ್ದರೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಅದರ ಬಾಗಿಲು ತೆಗೆಯುವುದು ಗಾಳಿಗಾಗಿ ಮಾತ್ರ.

ವಿಜಯಪುರದವರಿಗೆ ಇದು ಕಲ್ಪನೆಗೆ ಸಿಗುವುದು ಕಷ್ಟ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಹನ್ನೊಂದು ತಾಸು ಬೆಳಕಿರುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಆ ತಿಂಗಳ ಕೊನೆಗೆ ಸೂರ್ಯ ಹುಟ್ಟುವುದು ಎಂಟು ಗಂಟೆಯ ಮೇಲೆ, ಮುಳುಗುವುದು ಸಂಜೆ ನಾಲ್ಕೂವರೆಯ ಸುಮಾರಿಗೆ. ಗಂಡ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾನೆ. ಆ ದಾರಿಗೆ ಇನ್ನೂ ಒಂದು ತಾಸು ಸೇರಿಸಿದರೆ ಮಗಳು ತಂದೆಯನ್ನು ನೋಡುವುದೇ ಮಲಗುವ ಹೊತ್ತಿಗೆ. ನಾನು ಮೊದಲ ಚಳಿಗಾಲದಲ್ಲಿ ದೊಡ್ಡ ಮನೆಯ ಮೂರು ಕೋಣೆಗಳಲ್ಲಿ ಒಂದನ್ನು ಮಾತ್ರ ಬಳಸಿದೆ; ಉಳಿದವನ್ನು ಬೆಚ್ಚಗಿಡಲು ದುಡ್ಡು ಕೊಟ್ಟೆ.

ಇನ್ನೊಂದು ಮುಖ್ಯ ಸಂಗತಿ ಶಾಲೆಯದು. ಅಲ್ಲಿ ಸರಕಾರಿ ಪ್ರಾಥಮಿಕ ಶಾಲೆಗೆ ಶುಲ್ಕವಿಲ್ಲ, ಆದರೆ ಯಾವ ಶಾಲೆ ಎಂಬುದನ್ನು ನಿಮ್ಮ ವಿಳಾಸವೇ ನಿರ್ಧರಿಸುತ್ತದೆ. ಜೂನ್ 30ರೊಳಗೆ ಆರು ತುಂಬಿದ ಮಕ್ಕಳು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಆ ಸೆಪ್ಟೆಂಬರ್‌ನಿಂದ ಶಾಲೆಗೆ ಹೋಗಲೇಬೇಕು. ನಿಮ್ಮ ಮಗಳು ಈ ವರ್ಷವೇ ಅದಕ್ಕೆ ಸೇರುತ್ತಾಳೆ. ಜರ್ಮನ್ ಬಾರದ ಮಕ್ಕಳಿಗಾಗಿ ಆ ರಾಜ್ಯದಲ್ಲಿ ಸಿದ್ಧತಾ ತರಗತಿಗಳಿವೆ, ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಆದ್ದರಿಂದ ಮನೆಯ ಕರಾರಿಗೆ ಸಹಿ ಮಾಡುವ ಮೊದಲು ನಿಮ್ಮ ಯಜಮಾನರು ಎರಡೂ ವಿಳಾಸಗಳ ಶಾಲೆಗೆ ಹೋಗಿ ಆ ತರಗತಿ ಇದೆಯೇ ಎಂದು ಕೇಳಲಿ. ನನ್ನ ದೃಷ್ಟಿಯಲ್ಲಿ ಕೋಣೆಗಳ ಸಂಖ್ಯೆಗಿಂತ ಇದು ದೊಡ್ಡದು.

ವಿಜಯಪುರದ ಶಿಕ್ಷಕಿ

ಅಕ್ಕಾ, ನಾನು ಶಿಕ್ಷಕಿಯಾಗಿದ್ದೂ ಶಾಲೆಯ ಕಡೆಯಿಂದ ಮನೆಯನ್ನು ನೋಡಬೇಕೆಂಬುದು ನೀವು ಹೇಳುವವರೆಗೆ ಹೊಳೆದಿರಲಿಲ್ಲ. ಇಂದೇ ಅವರಿಗೆ ಹೇಳುತ್ತೇನೆ. ಹೆರೆನ್‌ಬರ್ಗ್ ಮನೆಯಲ್ಲಿ ಅಡಿಗೆಮನೆ ಇಲ್ಲ, ಬರೀ ಪೈಪಿದೆಯಂತೆ.

ಅಡಿಗೆಯ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಮನೆಯಲ್ಲಿ ದಿನಕ್ಕೆ ಒಂದು ಹೊತ್ತಾದರೂ ಜೋಳದ ರೊಟ್ಟಿ ಬೇಕು, ಮಗಳಿಗೂ ಅದೇ ರೂಢಿ. ಅಲ್ಲಿ ಗ್ಯಾಸ್ ಇಲ್ಲ, ಗಾಜಿನ ಒಲೆ ಎಂದು ಮನೆಯವರು ಹೇಳುತ್ತಾರೆ. ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ತಕರಾರು ಮಾಡುತ್ತಾರೆಂದೂ ಯಾರೋ ಹೆದರಿಸಿದ್ದಾರೆ. ಏನನ್ನು ಕಟ್ಟಿಕೊಂಡು ಬರಬೇಕು, ಏನನ್ನು ಬಿಡಬೇಕು?

ಗುಳೇದಗುಡ್ಡ, ಈಗ ಲುಡ್ವಿಗ್ಸ್‌ಬುರ್ಗ್

ತಂಗಿ, ನಾನು ಸ್ಟುಟ್‌ಗಾರ್ಟ್ ಪಕ್ಕದ ಊರಿನಲ್ಲಿದ್ದೇನೆ, ಇದಕ್ಕೆ ವಿವರವಾಗಿ ಉತ್ತರಿಸಬಲ್ಲೆ.

ಗಾಜಿನ ಒಲೆಯಲ್ಲಿ ಎರಡು ಜಾತಿ. ಒಂದು ಒಳಗಿನ ತಂತಿ ಕೆಂಪಗೆ ಕಾಯುವುದು. ಅದರ ಮೇಲೆ ತಳ ಸಮನಾಗಿರುವ ಯಾವ ಪಾತ್ರೆಯೂ ನಡೆಯುತ್ತದೆ. ಇನ್ನೊಂದು ಇಂಡಕ್ಷನ್, ಅದಕ್ಕೆ ಅಯಸ್ಕಾಂತ ಹಿಡಿಯುವ ತಳ ಬೇಕು. ಕಾನ್‌ಷ್ಟಾಟ್ ಮನೆಯಲ್ಲಿ ಯಾವುದಿದೆ ಎಂದು ಕೇಳಿ, ಆಮೇಲೆ ಕುಕ್ಕರ್ ಕೊಳ್ಳಿ. ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ. ತಳ ಚಪ್ಪಟೆಯಾದ ಕಬ್ಬಿಣದ ಹಂಚು ಎರಡರ ಮೇಲೂ ನಡೆಯುತ್ತದೆ. ನಡುವೆ ತಗ್ಗಾದ ಹಂಚು, ಮಣ್ಣಿನ ಹಂಚು ಬೇಡ. ಉರಿ ಇಲ್ಲದಿರುವುದರಿಂದ ರೊಟ್ಟಿಯನ್ನು ಕೆಂಡಕ್ಕೋ ಗ್ಯಾಸಿಗೋ ಹಿಡಿದು ಉಬ್ಬಿಸುವಂತಿಲ್ಲ. ಹಂಚು ಚೆನ್ನಾಗಿ ಕಾದಿರಬೇಕು. ಮೇಲೆ ನೀರು ಸವರಿ, ಆರುವ ಮುನ್ನ ತಿರುವಿ, ಅಂಚನ್ನು ಬಟ್ಟೆಯಿಂದ ಮೆಲ್ಲಗೆ ಒತ್ತುತ್ತ ತಿರುಗಿಸಿದರೆ ಅಲ್ಲಿಯೇ ಉಬ್ಬುತ್ತದೆ. ಜೋಳದ ಹಿಟ್ಟು ಸ್ಟುಟ್‌ಗಾರ್ಟ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಹಿಟ್ಟಾದರೆ ಅಂಟು ಇರುವುದಿಲ್ಲ, ಆಗ ಕುದಿಯುವ ನೀರಿನಲ್ಲಿ ಕಲಸಬೇಕು. ಮೊದಲ ತಿಂಗಳಿಗೆ ಖಡಕ್ ರೊಟ್ಟಿಯ ಒಂದು ಕಟ್ಟು ತನ್ನಿ. ಮನೆ ಹೂಡುವ ಗಡಿಬಿಡಿಯಲ್ಲಿ ಅದರಷ್ಟು ಆಸರೆ ಬೇರೆ ಇಲ್ಲ.

ಸದ್ದಿನ ಬಗ್ಗೆ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ಶಾಂತಿಯ ಹೊತ್ತು. ಅನೇಕ ಕಟ್ಟಡಗಳಲ್ಲಿ ಮಧ್ಯಾಹ್ನಕ್ಕೂ ಇಂಥ ಹೊತ್ತು ಇರುತ್ತದೆ, ಅದು ಕಟ್ಟಡದ ನಿಯಮಪತ್ರದಲ್ಲಿ ಬರೆದಿರುತ್ತದೆ. ಅಡಿಗೆ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ರೊಟ್ಟಿ ಬಡಿಯುವ ಹಲಗೆಯ ಕೆಳಗೆ ದಪ್ಪನೆಯ ಮಡಿಸಿದ ಟವೆಲ್ ಹಾಕಿದರೆ ಕೆಳಗಿನ ಮನೆಗೆ ಕಂಪನ ಇಳಿಯುವುದಿಲ್ಲ. ಭಾನುವಾರ ನಾನು ಚಪಾತಿ ಲಟ್ಟಿಸುತ್ತೇನೆ. ಒಗ್ಗರಣೆಯ ಹೊಗೆಗೂ ಹೆದರಬೇಡಿ: ಹೊಗೆ ಸೂಚಕ ಕಡ್ಡಾಯವಿರುವುದು ಮಲಗುವ ಕೋಣೆಗಳಲ್ಲಿ ಮತ್ತು ಅಲ್ಲಿಂದ ಹೊರಹೋಗುವ ದಾರಿಯಲ್ಲಿ. ಅಡಿಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದರಾಯಿತು.

ತರುವ ಸಾಮಾನಿನಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮಸಾಲೆ ಖಾರ ಇವಕ್ಕೆ ತೊಂದರೆಯಿಲ್ಲ. ಹೊರದೇಶದ ಪ್ರಯಾಣಿಕರು ಹಾಲು, ಹಾಲಿನ ಪದಾರ್ಥ, ಮಾಂಸವನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹೀಗಾಗಿ ತುಪ್ಪ, ಪೇಢೆ, ಬೆಳಗಾವಿಯ ಕುಂದಾ ಇವನ್ನು ಅಲ್ಲಿಯೇ ತಿಂದು ಬನ್ನಿ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಒಣಗಿಸಿ ಪುಡಿ ಮಾಡಿಕೊಂಡು ಬನ್ನಿ. ಮಿಕ್ಸರ್ ತರಬಹುದು, ವಿದ್ಯುತ್ತು ಇಲ್ಲಿಯೂ 230 ವೋಲ್ಟ್. ಮೂರು ಕಡ್ಡಿಯ ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು.

ಮನೆಗೆ ಕಾಲಿಟ್ಟ ದಿನದ ಮೊದಲ ಕೆಲಸ ಯಾವುದೆಂದು ಕೇಳಿದರೆ, ಅಂಚೆಪೆಟ್ಟಿಗೆಯ ಮೇಲೆ ಮತ್ತು ಬಾಗಿಲ ಗಂಟೆಯ ಮೇಲೆ ನಿಮ್ಮ ಅಡ್ಡಹೆಸರು ಹಚ್ಚುವುದು. ಇಲ್ಲಿ ಕಟ್ಟಡದೊಳಗಿನ ಮನೆಯ ನಂಬರು, ಮಹಡಿ ನೋಡಿ ಪತ್ರ ಕೊಡುವುದಿಲ್ಲ; ಹೆಸರು ಕಾಣದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ. ತೆರಿಗೆ ಸಂಖ್ಯೆ, ವಿಮೆ ಕಾರ್ಡು, ಬ್ಯಾಂಕಿನ ಗುಪ್ತ ಸಂಖ್ಯೆ ಎಲ್ಲವೂ ಅಂಚೆಯಲ್ಲಿಯೇ ಬರುತ್ತವೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರಿದ್ದು ಯಜಮಾನರದು ಬೇರೆಯಾಗಿದ್ದರೆ ಎರಡನ್ನೂ ಬರೆಯಿಸಿ. ಎರಡನೆಯದು ವಿಳಾಸ ನೋಂದಣಿ: ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಮಾಡಿಸಬೇಕು, ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಉಳಿದೆಲ್ಲ ಕೆಲಸವೂ ಆ ನೋಂದಣಿಯ ಕಾಗದದ ಮೇಲೆ ನಿಂತಿದೆ.

ನಮ್ಮ ಭಾಗದ ಒಂದು ವಿಶೇಷವನ್ನೂ ತಿಳಿಸಬೇಕು. ಶ್ವಾಬಿಯಾ ಎನ್ನುವ ಈ ಸೀಮೆಯಲ್ಲಿ ‘ಕೇರ್‌ವೊಖೆ’ ಎಂಬ ಪದ್ಧತಿಯಿದೆ: ಕಟ್ಟಡದ ಮನೆಗಳು ವಾರದ ಸರದಿಯಂತೆ ಮೆಟ್ಟಿಲು ಒರೆಸಿ, ಮುಂದಿನ ದಾರಿ ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಬಿಡುತ್ತಾರೆ. ದಿನಾ ಬೆಳಿಗ್ಗೆ ಅಂಗಳ ಗುಡಿಸಿ ರಂಗೋಲಿ ಹಾಕಿದವರಿಗೆ ಇದು ಭಾರವಲ್ಲ, ಆದರೆ ಒಮ್ಮೆ ಬಿಟ್ಟರೂ ನೆರೆಯವರು ನೆನಪಿಟ್ಟುಕೊಳ್ಳುತ್ತಾರೆ. ನಾನು ಈ ಊರಿನಲ್ಲಿ ಮೊದಲು ಗೆಳತಿಯನ್ನು ಕಂಡುಕೊಂಡದ್ದು ಮೆಟ್ಟಿಲು ಒರೆಸುವಾಗ. ಮೇಲಿನ ಮಹಡಿಯ ಅಜ್ಜಿ ಇಳಿದು ಬಂದು ಒರೆಸುವ ಕೋಲನ್ನು ಹೇಗೆ ಹಿಡಿಯಬೇಕೆಂದು ತೋರಿಸಿದರು. ಮುಂದೆ ಅವರೇ ನನ್ನ ಜರ್ಮನ್‌ನ ಮೊದಲ ಗುರುಗಳಾದರು.

ನವನಗರದ ಹಿರಿಯ

ಮಗಳೆ, ನಾನು ಹೊರದೇಶ ಕಂಡವನಲ್ಲ. ಬಾಗಲಕೋಟೆಯ ಹಳೆಯ ಊರಿನಿಂದ ಮುಳುಗಡೆಯಲ್ಲಿ ಎದ್ದು ನವನಗರಕ್ಕೆ ಬಂದವನು. ಆದರೂ ನಿನ್ನ ಪ್ರಶ್ನೆ ನಮಗೆ ಗೊತ್ತಿರುವ ಪ್ರಶ್ನೆಯೇ ಆದ್ದರಿಂದ ಬರೆಯುತ್ತಿದ್ದೇನೆ.

ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದಾಗ ನಾವು ಬಿಟ್ಟ ಮನೆಗೆ ಹೋಲಿಸಿದರೆ ನವನಗರದಲ್ಲಿ ಕಟ್ಟಿಕೊಂಡದ್ದು ದೊಡ್ಡ ಮನೆ. ರಸ್ತೆ ಅಗಲ, ಗಾಳಿ ಬೆಳಕು ಬೇಕಾದಷ್ಟು. ಆದರೆ ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವರಿಗೆ ಬೇರೆ ಬೇರೆ ಸೆಕ್ಟರಿನಲ್ಲಿ ನಿವೇಶನ ಬಂದವು. ಗಂಡಸರಾದ ನಮಗೆ ಅದು ಬೇಗ ಅರ್ಥವಾಗಲಿಲ್ಲ, ಏಕೆಂದರೆ ಪೇಟೆಯ ಅಂಗಡಿಗಳು ಹಳೆಯ ಊರಿನಲ್ಲೇ ಉಳಿದಿದ್ದವು. ನಾವು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ, ಹಳೆಯ ಮುಖಗಳನ್ನೇ ನೋಡಿ, ಸಂಜೆ ಮಲಗಲು ಹೊಸ ಮನೆಗೆ ಬರುತ್ತಿದ್ದೆವು. ಊರು ಬಿಟ್ಟದ್ದು ನಿಜವಾಗಿ ನಮ್ಮ ತಾಯಿ, ನಮ್ಮ ಮನೆಯಾಕೆ. ಹಪ್ಪಳ, ಶಾವಿಗೆ ಮಾಡುವ ದಿನ ಕೂಗಿದರೆ ಓಗೊಡುವವರಿರಲಿಲ್ಲ. ತಾಯಿಯವರು ಹೊಸ ಮನೆಯ ಕಟ್ಟೆಯ ಮೇಲೆ ಕುಳಿತು ಸಂಜೆಯವರೆಗೂ ರಸ್ತೆ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಎದುರು ಮನೆಗೆ ಬೇರೆ ಹಳ್ಳಿಯಿಂದ ಎದ್ದು ಬಂದ ಒಂದು ಕುಟುಂಬ ಸೇರಿ, ಆ ಹೆಣ್ಣುಮಗಳು ಹೆಪ್ಪಿಗೆ ಮೊಸರು ಕೇಳಲು ಬಂದ ದಿನದಿಂದ ಅವರು ಸುಧಾರಿಸಿದರು.

ಆದ್ದರಿಂದ ನಾನು ಘಟಪ್ರಭೆಯ ಮಗಳು ಹೇಳಿದ್ದನ್ನು ಒಪ್ಪುತ್ತೇನೆ. ಅಳಿಯಂದಿರು ಮನೆ ನೋಡಲು ಹೋದಾಗ ಗೋಡೆ, ನೆಲವನ್ನಷ್ಟೇ ನೋಡದೆ ಆ ಮೆಟ್ಟಿಲು ಬಳಸುವ ಮನೆಗಳಲ್ಲಿ ಯಾರು ವಾಸವಿದ್ದಾರೆ, ಮಕ್ಕಳಿರುವ ಮನೆಗಳಿವೆಯೇ, ಹಗಲು ಬಾಗಿಲು ತೆರೆಯುವವರಿದ್ದಾರೆಯೇ ಎಂದು ವಿಚಾರಿಸಲಿ. ನೀನು ಹೋದ ವಾರದಲ್ಲೇ ಮಗಳನ್ನು ಕರೆದುಕೊಂಡು ಅಕ್ಕಪಕ್ಕದ ಬಾಗಿಲಿಗೆ ಹೋಗಿ ಹೆಸರು ಹೇಳಿ ಬಾ. ಭಾಷೆ ಬಾರದಿದ್ದರೂ ಹೆಸರು ಹೇಳಲು ಬರುತ್ತದೆ.

ಟಿಳಕವಾಡಿಯಿಂದ ಮ್ಯೂನಿಕ್‌ಗೆ

ಹಿರಿಯರೆ, ತಮ್ಮ ಮಾತಿಗೆ ನಮಸ್ಕಾರ. ನೆರೆಯವರ ಬಗ್ಗೆ ತಾವು ಹೇಳಿದ್ದು ಸರಿ. ಆದರೆ ಅದೇ ಕಾರಣದಿಂದಲೇ ನಾನು ಸಣ್ಣ ಊರನ್ನು ಹೇಳಿದ್ದೆ. ದೊಡ್ಡ ನಗರದ ಕಟ್ಟಡದಲ್ಲಿ ಜನ ಬಂದು ಹೋಗುತ್ತಾರೆ; ಸಣ್ಣ ಊರಿನಲ್ಲಿ ಬೇಕರಿಯವರು ಎರಡನೆಯ ವಾರಕ್ಕೆ ನಿಮ್ಮ ಮುಖ ಗುರುತಿಸುತ್ತಾರೆ. ಮಗುವೂ ಅಲ್ಲಿ ಬೇಗ ಜರ್ಮನ್ ಕಲಿಯುತ್ತದೆ. ಊರೊಳಗೆ ನಮ್ಮವರ ನಡುವೆಯೇ ಸುತ್ತಾಡುತ್ತ ವರ್ಷಗಟ್ಟಲೆ ಭಾಷೆ ಕಲಿಯದೆ ಉಳಿದವರನ್ನು ನಾನು ನೋಡಿದ್ದೇನೆ.

ಆದರೂ ಅಡಿಗೆಮನೆ ಇಲ್ಲದಿರುವುದು, ಅಕ್ಕನವರು ಹೇಳಿದ ಸಿದ್ಧತಾ ತರಗತಿ, ಇವೆರಡು ನನ್ನ ಲೆಕ್ಕವನ್ನು ಬದಲಿಸುತ್ತವೆ. ಮೊದಲ ತಿಂಗಳಲ್ಲಿ ಡಿಪಾಸಿಟ್ಟಿನ ಜೊತೆಗೆ ಅಡಿಗೆಮನೆಯ ಸಾಮಾನಿಗೂ ದುಡ್ಡು ಸುರಿಯುವುದು ಕಷ್ಟ. ಸಿದ್ಧತಾ ತರಗತಿ ಹೆರೆನ್‌ಬರ್ಗ್ ಶಾಲೆಯಲ್ಲಿ ಇದೆ, ಕಾನ್‌ಷ್ಟಾಟ್‌ನಲ್ಲಿ ಇಲ್ಲ ಎಂದಾದರೆ ಮಾತ್ರ ಇನ್ನೂ ಹೆರೆನ್‌ಬರ್ಗ್ ಎನ್ನುತ್ತೇನೆ.

ಶಾಲೆ ಬಿಡುವ ಹೊತ್ತನ್ನೂ ಕೇಳಿಕೊಳ್ಳಿ. ಒಂದನೇ ತರಗತಿ ಅನೇಕ ಕಡೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಈ ವರ್ಷ, 2026ರ ಆಗಸ್ಟ್‌ನಿಂದ, ಒಂದನೇ ತರಗತಿಗೆ ಸೇರುವ ಮಕ್ಕಳಿಗೆ ಇಡೀ ದಿನದ ಆರೈಕೆ ಪಡೆಯುವ ಹಕ್ಕನ್ನು ಕಾನೂನು ಕೊಟ್ಟಿದೆ. ಅದಕ್ಕೆ ಬೇರೆ ಅರ್ಜಿ ಹಾಕಬೇಕು. ನೀವು ಜರ್ಮನ್ ತರಗತಿಗೆ ಹೋಗುವುದು ಇದರ ಮೇಲೆ ನಿಂತಿರುತ್ತದೆ.

ಶಹಾಪುರ, ಬೆಳಗಾವಿ

ನಮ್ಮ ಮಗ, ಸೊಸೆ ಜರ್ಮನಿಯಲ್ಲಿದ್ದಾರೆ, ನಾವಿಬ್ಬರೂ ಬೆಳಗಾವಿಯಲ್ಲಿದ್ದೇವೆ. ಅಲ್ಲಿನ ಮನೆಯ ಬಗ್ಗೆ ತಿಳಿದವರು ಹೇಳಿದ್ದಾರೆ. ಹೊರಡುವ ಮೊದಲು ಇಲ್ಲಿ ಮುಗಿಸಬೇಕಾದ್ದನ್ನು ನಾನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಹೆಸರುಗಳು. ನಮ್ಮ ಭಾಗದಲ್ಲಿ ಮದುವೆಯ ನಂತರ ಅಡ್ಡಹೆಸರು ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಹೆಸರನ್ನೇ ಬದಲಿಸುತ್ತಾರೆ, ನಡುವೆ ತಂದೆಯದೋ ಗಂಡನದೋ ಹೆಸರು ಬರುತ್ತದೆ. ಪಾಸ್‌ಪೋರ್ಟು, ಮದುವೆಯ ನೋಂದಣಿ ಪತ್ರ, ಮಗುವಿನ ಜನನ ಪ್ರಮಾಣಪತ್ರ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಕುಟುಂಬ ವೀಸಾದ ಅರ್ಜಿ ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಯಲ್ಲಿ ಬರುತ್ತದೆ. ಅಲ್ಲಿಗೆ ಹೋಗಿ ವ್ಯತ್ಯಾಸ ಕಂಡರೆ ತಿಂಗಳುಗಳು ಹೋಗುತ್ತವೆ. ಬ್ಲೂ ಕಾರ್ಡ್ ಇರುವವರ ಪತ್ನಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಕಡ್ಡಾಯವಿಲ್ಲ, ಅಲ್ಲಿ ಕೆಲಸ ಮಾಡುವ ಅವಕಾಶವೂ ಇದೆ. ಆದರೂ ನಮ್ಮ ಸೊಸೆ ಹೋಗುವ ಮೊದಲೇ ಮೊದಲ ಹಂತ ಕಲಿತಿದ್ದಳು, ಆ ಉಪಕಾರವನ್ನು ಅವಳು ಇಂದಿಗೂ ಹೇಳುತ್ತಾಳೆ. ಅಲ್ಲಿ ಹೋದ ಮೇಲೆ 600 ತಾಸು ಭಾಷೆ, 100 ತಾಸು ದೇಶ ಪರಿಚಯ ಇರುವ ಸರಕಾರಿ ಕೋರ್ಸು ಮಾಡಿದಳು. ಶಿಕ್ಷಕಿಯಾಗಿ ಅಲ್ಲಿ ನೌಕರಿ ಬೇಕೆಂದರೆ ದಾರಿ ಉದ್ದ: ಆ ವೃತ್ತಿಯ ಮಾನ್ಯತೆ ಆಯಾ ರಾಜ್ಯದ ಕೈಯಲ್ಲಿದೆ, ಭಾಷೆಯೂ ಮೇಲಿನ ಹಂತದ್ದು ಬೇಕು. ನಿಮ್ಮ ಪದವಿ, ಬಿ.ಇಡಿ. ಅಂಕಪಟ್ಟಿಗಳ ಮೂಲ ಪ್ರತಿಗಳನ್ನು ಜೊತೆಗೇ ಒಯ್ಯಿರಿ.

ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಖಾತೆಯಾಗಿ, ಬದಲಿಸಬೇಕು; ಇದು ವಿದೇಶಿ ವಿನಿಮಯದ ಕಾನೂನು, ಅನೇಕರು ಹಾಗೆಯೇ ಬಿಟ್ಟಿರುತ್ತಾರೆ. ಹೊಲವಿದ್ದರೆ ಗಾಬರಿಯಾಗಬೇಡಿ: ಅನಿವಾಸಿಗಳು ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ, ಮೊದಲಿದ್ದದ್ದನ್ನು ಇಟ್ಟುಕೊಳ್ಳಬಹುದು.

ಅತ್ತೆಯವರ ಬಗ್ಗೆ ಒಂದು ಮಾತು. ಭೇಟಿಯ ವೀಸಾದ ಮೇಲೆ ಯಾವುದೇ 180 ದಿನಗಳಲ್ಲಿ 90 ದಿನಗಳವರೆಗೆ ಇರಬಹುದು, ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಬೇಕು. 2024ರ ಮಾರ್ಚ್ 1ರ ನಂತರ ಮೊದಲ ಬಾರಿಗೆ ವೃತ್ತಿಪರರ ವಾಸದ ಪರವಾನಗಿ ಪಡೆದವರಿಗೆ ತಂದೆ ತಾಯಿಯನ್ನು ಕರೆಸಿಕೊಳ್ಳುವ ಅವಕಾಶವನ್ನೂ ಕಾನೂನು ತೆರೆದಿದೆ. ಆದರೆ ವಯಸ್ಸಾದವರಿಗೆ ಅಲ್ಲಿ ಆರೋಗ್ಯ ವಿಮೆ ಸಿಗುವುದೇ ಕಠಿಣ, ಅದಿಲ್ಲದೆ ಪರವಾನಗಿ ಇಲ್ಲ. ನಾವು ಬೇಸಿಗೆಯಲ್ಲಿ ಹೋಗಿ ಬರುತ್ತೇವೆ. ಉಳಿದ ಕಾಲ ಫೋನಿನ ಹೊತ್ತು ನಿಗದಿ ಮಾಡಿಕೊಂಡಿದ್ದೇವೆ: ಚಳಿಗಾಲದಲ್ಲಿ ನಾವು ನಾಲ್ಕೂವರೆ ತಾಸು ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಮೊಮ್ಮಗ ಶಾಲೆಯಿಂದ ಬಂದು ಊಟಕ್ಕೆ ಕೂತಾಗ ನಮ್ಮದು ಸಂಜೆಯ ಚಹಾ.

ಘಟಪ್ರಭೆಯ ಮಗಳು

ಹಿರಿಯರು ಬರೆದದ್ದನ್ನು ಓದಿ ನಮ್ಮ ಅಜ್ಜಿ ನೆನಪಾದರು, ಅವರೂ ಮುಳುಗಡೆಯಲ್ಲಿ ಎದ್ದು ಬಂದವರೇ.

ಬೆಳಗಾವಿಯ ತಮ್ಮನವರಿಗೆ ಒಂದು ಉತ್ತರ ಬಾಕಿ ಇದೆ. ಸಣ್ಣ ಊರಿನಲ್ಲಿ ಮಗು ಬೇಗ ಭಾಷೆ ಕಲಿಯುತ್ತದೆ ಎಂಬುದು ನಿಜ, ನನ್ನ ಮಗನಿಗೂ ಹಾಗೆಯೇ ಆಯಿತು. ಆದರೆ ತಾಯಿಗೆ ಆಗಲಿಲ್ಲ, ಏಕೆಂದರೆ ಆ ಊರಿನಲ್ಲಿ ದೊಡ್ಡವರ ಬೆಳಗಿನ ತರಗತಿಯೇ ಇರಲಿಲ್ಲ. ಶಿಕ್ಷಕಿಯವರೆ, ಎರಡೂ ಊರಿನ ಫೋಕ್ಸ್‌ಹೋಖ್‌ಶೂಲೆಗೆ, ಅಂದರೆ ವಯಸ್ಕರ ಶಿಕ್ಷಣ ಕೇಂದ್ರಕ್ಕೆ, ಫೋನ್ ಮಾಡಿಸಿ ಬೆಳಗಿನ ತರಗತಿ ಯಾವಾಗ ಶುರುವಾಗುತ್ತದೆಂದು ಕೇಳಿಸಿ.

ಮನೆಯನ್ನು ಕೈಗೆ ತೆಗೆದುಕೊಳ್ಳುವ ದಿನ ಗೋಡೆಯ ಗೀರು, ನೆಲದ ಕಲೆ, ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆದು, ಹಸ್ತಾಂತರದ ಪತ್ರದಲ್ಲಿ ಬರೆಯಿಸಿ ಇಬ್ಬರೂ ಸಹಿ ಮಾಡಿರಿ. ಬಿಡುವಾಗ ಡಿಪಾಸಿಟ್ಟಿನ ಮಾತು ಅದರಿಂದಲೇ ತೀರ್ಮಾನವಾಗುತ್ತದೆ. ಸಣ್ಣ ಮನೆಯಾದರೆ ಗಾಳಿಯಾಡಿಸುವುದನ್ನು ಇನ್ನೂ ಎಚ್ಚರದಿಂದ ಮಾಡಬೇಕು. ಅಡಿಗೆಯ ಆವಿ, ಒಳಗೇ ಒಣಹಾಕಿದ ಬಟ್ಟೆಯ ತೇವ ತಣ್ಣನೆಯ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ. ಚಳಿಯಲ್ಲೂ ದಿನಕ್ಕೆ ಎರಡು ಮೂರು ಬಾರಿ ಹೀಟರ್ ಆರಿಸಿ, ಎಲ್ಲ ಕಿಟಕಿಗಳನ್ನು ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಿ. ಅರ್ಧ ತೆರೆದು ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಹೆಚ್ಚುತ್ತದೆ.

ವಿಜಯಪುರದ ಶಿಕ್ಷಕಿ

ಎಲ್ಲರ ಬರಹವನ್ನು ಮನೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಎರಡೂ ಶಾಲೆಗಳಿಗೆ ಹೋಗಿ ಬಂದರು. ಕಾನ್‌ಷ್ಟಾಟ್ ಮನೆಯ ವಿಳಾಸಕ್ಕೆ ಬರುವ ಶಾಲೆಯಲ್ಲಿ ಸಿದ್ಧತಾ ತರಗತಿ ಇದೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹೆರೆನ್‌ಬರ್ಗ್‌ನ ಆ ವಿಳಾಸಕ್ಕೆ ಬರುವ ಶಾಲೆಯಲ್ಲಿ ಇಲ್ಲ. ಊರಿನ ಬೇರೆ ಶಾಲೆಗೆ ಬಸ್ಸಿನಲ್ಲಿ ಕಳುಹಿಸಬೇಕಾಗುತ್ತದೆಂದು ಅಲ್ಲಿಯವರು ಹೇಳಿದರಂತೆ. ಭಾಷೆ ಬಾರದ ಆರು ವರ್ಷದ ಮಗುವನ್ನು ಬಸ್ಸಿನಲ್ಲಿ ಕಳುಹಿಸಲು ನನಗೆ ಧೈರ್ಯವಿಲ್ಲ. ಕಾನ್‌ಷ್ಟಾಟ್ ಮನೆಯನ್ನೇ ಹಿಡಿಯುವುದೆಂದು ಇಬ್ಬರೂ ಒಪ್ಪಿದ್ದೇವೆ. ಡಿಪಾಸಿಟ್ಟನ್ನು ಮೂರು ಕಂತಿನಲ್ಲಿ ಕೊಡಲು ಮಾಲೀಕರು ಮರುಮಾತಿಲ್ಲದೆ ಒಪ್ಪಿದರು. ಬೆಳಗಾವಿಯ ಅಣ್ಣನವರು ಹೇಳದಿದ್ದರೆ ಅದನ್ನು ಕೇಳುತ್ತಲೇ ಇರಲಿಲ್ಲ.

ಹಿರಿಯರೆ, ತಾವು ಹೇಳಿದಂತೆ ಮೆಟ್ಟಿಲಿನ ಮೇಲೆ ಯಾರಿದ್ದಾರೆಂದು ವಿಚಾರಿಸಿದ್ದಾರೆ. ಕೆಳಗಿನ ಮನೆಯಲ್ಲಿ ಟರ್ಕಿ ಮೂಲದ ಒಂದು ಕುಟುಂಬ ಇದೆ, ಅವರಿಗೂ ಒಂದನೇ ತರಗತಿಗೆ ಹೋಗುವ ಮಗಳಿದ್ದಾಳೆ. ಈ ಒಂದು ಸುದ್ದಿ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರುತ್ತಿದೆ.

ಮದುವೆಯ ನೋಂದಣಿ ಪತ್ರದಲ್ಲಿ ನನ್ನ ತವರಿನ ಅಡ್ಡಹೆಸರಿದೆ, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯದಿದೆ. ಶಹಾಪುರದ ಕಾಕಾ ಅವರೆ, ಅರ್ಜಿ ಹಾಕುವ ಮೊದಲು ಇದಕ್ಕೆ ಏನು ಮಾಡಬೇಕು?

ಶಹಾಪುರ, ಬೆಳಗಾವಿ

ತಾಯಿ, ಮದುವೆಗೆ ಮೊದಲಿನ ಹೆಸರು ಆ ಪತ್ರದಲ್ಲಿ ಇರುವುದು ಸಹಜ, ಅದನ್ನು ತಪ್ಪೆಂದು ನೋಡುವುದಿಲ್ಲ. ಎರಡೂ ಹೆಸರು ಒಬ್ಬರದೇ ಎಂದು ತೋರಿಸುವ ಕಾಗದ ಬೇಕು. ನಮ್ಮ ಸೊಸೆಗೆ ಹಳೆಯ ಪಾಸ್‌ಪೋರ್ಟು, ನೋಟರಿಯ ಮುಂದೆ ಮಾಡಿಸಿದ ಪ್ರಮಾಣಪತ್ರ ಮತ್ತು ಶಾಲೆ ಬಿಟ್ಟ ದಾಖಲೆ ಉಪಯೋಗಕ್ಕೆ ಬಂದವು. ಕಾನ್ಸುಲೇಟ್ ತನ್ನ ಜಾಲತಾಣದಲ್ಲಿ ಕುಟುಂಬ ವೀಸಾದ ದಾಖಲೆಗಳ ಪಟ್ಟಿ ಕೊಟ್ಟಿದೆ. ಅದನ್ನು ಮುದ್ರಿಸಿಕೊಂಡು ಒಂದೊಂದಾಗಿ ಗುರುತು ಹಾಕುತ್ತ ಹೋಗಿ. ಮಗುವಿನ ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಯಾವುದಿದೆ ಎಂಬುದನ್ನೂ ಇಂದೇ ನೋಡಿ. ತಿದ್ದುಪಡಿ ಬೇಕಾದರೆ ಜನನ ನೋಂದಣಿಯಾದ ಕಚೇರಿಗೇ ಹೋಗಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ.